ಗೋಡೆಯ ಮೇಲೆ ನನ್ನ ಹೆಸರು

ಬಿಎಸ್ಸಿ ಮುಗಿಸಿ ವರ್ಷ ಕಳೆದಿತ್ತು. ಬೆಳೆಗೆ ಹೊಡೆಯುವ ಔಷಧ ಮಾರುವ ಶಹಾಪುರದ ಸಾಹುಕಾರರೊಬ್ಬರು ಸಗರದ ನಮ್ಮ ಮನೆಗೇ ಬಂದು ನೌಕರಿ ಕೊಡುತ್ತೇನೆಂದಾಗ ನನಗೆ ಮೊದಲು ಬಂದದ್ದು ಅನುಮಾನ. ಕೆಲಸ ಕೇಳಿಕೊಂಡು ನಾನೇ ಎಷ್ಟೋ ಕಡೆ ಅಲೆದಿದ್ದೆ. ಕೆಲಸ ನನ್ನನ್ನು ಹುಡುಕಿಕೊಂಡು ಯಾಕೆ ಬಂತು?

ಕಾಲುವೆ ನೀರು ಬಂದಮೇಲೆ ನಮ್ಮ ಕಡೆ ಭತ್ತ, ಹತ್ತಿ, ಮೆಣಸಿನಕಾಯಿ ಹೆಚ್ಚಿ, ಇಂಥ ಅಂಗಡಿಗಳೂ ಹೆಚ್ಚಿದ್ದವು. ಅಂಗಡಿಯ ಲೈಸೆನ್ಸಿಗೆ ನನ್ನಂತೆ ರಸಾಯನಶಾಸ್ತ್ರ ಓದಿದವರೊಬ್ಬರ ಹೆಸರು ಬೇಕಿತ್ತು.

"ದಿನಾ ಬರೂದೇನು ಬ್ಯಾಡವಾ. ಸರ್ಟಿಫಿಕೇಟ್ ಕೊಟ್ಟು ಮನ್ಯಾಗ ಆರಾಮ ಇರು, ಪಗಾರ ಮುಟ್ಟತದ," ಎಂದರು ಸಾಹುಕಾರರು.

ಊರಿನ ಶಾಲೆಯಲ್ಲಿ ಜವಾನರಾಗಿದ್ದ ಅಪ್ಪನ ಮುಖ ಅರಳಿತು. ನಾನು, "ಬಂದ್ರ ದಿನಾ ಬರ್ತೀನ್ರಿ, ಇಲ್ಲಾಂದ್ರ ಬ್ಯಾಡ," ಎಂದೆ. ಸಾಹುಕಾರರು ನಕ್ಕು ಒಪ್ಪಿದರು. ಆದರೆ ಅಸಲಿ ಅಂಕಪಟ್ಟಿಗಳನ್ನೆಲ್ಲ ಲೈಸೆನ್ಸಿನ ನೆಪದಲ್ಲಿ ಒಯ್ದರು.

ಅಂಗಡಿಯಲ್ಲಿ ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿದರು. ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದವರು ಹಳೆಯ ಕೆಲಸಗಾರರೊಬ್ಬರು; ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ನಾನು ಬಾಟಲಿ ಮುಟ್ಟಿದರೆ ಸಾಕು, ಬಂದು ನಿಲ್ಲುತ್ತಿದ್ದರು. ಗೋಡೌನಿನ ಬಾಗಿಲಿಗೆ ಹೋದರೆ, "ಧೂಳ ಅದ ಬೇಟಿ, ಹೊರಗ ಕೂಡು," ಎಂದು ಅಡ್ಡ ಬರುತ್ತಿದ್ದರು. ಇವರು ಮಾಲು ಕದಿಯುತ್ತಾರೆಂದೇ ನಾನು ತೀರ್ಮಾನಿಸಿದೆ. ಸಂಜೆ ಮನೆಗೆ ಹೊರಟಾಗ ಅವರ ಚೀಲದ ಮೇಲೇ ನನ್ನ ಕಣ್ಣು.

ಒಂದು ಮಧ್ಯಾಹ್ನ ಸಾಹುಕಾರರು ಇಲ್ಲದಾಗ ನಮ್ಮೂರಿನ ಹೆಣ್ಣುಮಗಳೊಬ್ಬಳು ಬಂದು ಖಾಲಿ ಬಾಟಲಿಯನ್ನು ನನ್ನ ಮುಂದೆ ಕುಕ್ಕಿದಳು.

"ಎರಡು ಸಲ ಹೊಡದೀನಿ, ಮೆಣಸಿನಗಿಡದಾಗಿನ ಹುಳ ಒಂದೂ ಸತ್ತಿಲ್ಲ. ಕಲತಾಕಿ ನೀ ಕೂತೀದಿ ಅಂತ ಇಲ್ಲಿಂದ ಒಯ್ದೆ. ಏನ್ ಕೊಟ್ಟೀರಿ ನನಗ?"

ಬಾಟಲಿ ತಿರುಗಿಸಿದೆ. ತಾರೀಖಿನ ಚೀಟಿಯ ಅಂಚು ಎದ್ದಿತ್ತು. ಉಗುರಿನಿಂದ ಕಿತ್ತೆ. ಕೆಳಗೆ ಇನ್ನೊಂದು ತಾರೀಖು, ಎಂದೋ ಮುಗಿದುಹೋದದ್ದು.

"ಮುದ್ದತು ಮುಗದ ಮಾಲು, ಅಕ್ಕ," ಎಂದೆ. ಅವಳು ನನ್ನನ್ನೇ ನೋಡಿದಳು. ಖಾಲಿ ಬಾಟಲಿಯನ್ನು ಅಲ್ಲೇ ಬಿಟ್ಟು ಹೋದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಚಾಚಾನ ಎದುರು ಆ ಚೀಟಿ ಹಿಡಿದೆ. "ಇದು ನಿಮ್ಮ ಕೆಲಸ ಏನ್ರಿ?"

"ಅಂಟಿಸಿದ ಕೈ ನಂದು ಬೇಟಿ, ಹುಕುಂ ಸಾಹುಕಾರ್ದು," ಎಂದರು ಅವರು, ತಲೆ ತಗ್ಗಿಸದೆ. "ಆದ್ರ ಗ್ವಾಡಿ ಮ್ಯಾಲಿನ ಲೈಸೆನ್ಸಿನ್ಯಾಗ ಹೆಸರು ನಿಂದು. ಸಾಹೇಬ್ರು ಚೆಕಿಂಗಿಗೆ ಬಂದ್ರ ಮೊದಲ ಹಿಡಿಯೂದು ನಿನ್ನ. 'ನಾ ಏನೂ ನೋಡಿಲ್ಲ' ಅಂತ ನಿನಗ ಹೇಳಾಕ ಬರಲಿ ಅಂತ ಗೋಡೌನಿನ ಒಳಗ ಬಿಡಲಿಲ್ಲ."

ಸಂಜೆ ಸಾಹುಕಾರರನ್ನು ನನ್ನ ಅಸಲಿ ಅಂಕಪಟ್ಟಿ ಕೇಳಿದರೆ, "ಯಾದಗಿರಿ ಕೃಷಿ ಆಫೀಸಿನ್ಯಾಗ ಅವ," ಎಂದರು. ಮರುದಿನವೇ ಯಾದಗಿರಿ ಬಸ್ಸು ಹತ್ತಿದೆ. ಕಚೇರಿಯ ಗುಮಾಸ್ತೆ ಫೈಲು ತೆಗೆದು, "ಇಲ್ಲಿ ಬರೇ ಜೆರಾಕ್ಸ್ ಅದಾವ್ರಿ. ಅಸಲಿ ನಾವು ಇಟ್ಟುಕೊಳ್ಳಂಗಿಲ್ಲ," ಎಂದರು. ನನ್ನ ಹೆಸರು ತೆಗೆಯಿರಿ ಎಂದೂ, ಚೀಟಿಯ ಸಂಗತಿಯನ್ನೂ ಅಲ್ಲೇ ಬರೆದುಕೊಟ್ಟು, ಪ್ರತಿಯ ಮೇಲೆ ಶಿಕ್ಕಾ ಹಾಕಿಸಿಕೊಂಡೆ.

ಅಂಗಡಿಗೆ ಮರಳಿದಾಗ ರೈತರು ತುಂಬಿದ್ದರು. ಆ ಪ್ರತಿಯನ್ನು ಸಾಹುಕಾರರ ಮುಂದಿಟ್ಟೆ.

"ಹುಚ್ಚಿ! ಬಿಎಸ್ಸಿ ಮಾಡಿದವ್ರು ಓಣಿಗೊಬ್ರು ಅದಾರ. ನಿನಗ ಬ್ಯಾರೆ ನೌಕರಿ ಯಾರು ಕೊಡ್ತಾರ?"

"ಯಾರೂ ಕೊಡಲಿಕ್ಕಿಲ್ಲರಿ. ನನ್ನ ಕಾಗದ ಕೊಡ್ರಿ."

ಸಾಹುಕಾರರು ಕದಲಲಿಲ್ಲ. ಯಾರೂ ಹೇಳದೆಯೇ ಚಾಚಾ ಕಪಾಟು ತೆಗೆದು ಫೈಲನ್ನು ನನ್ನ ಕೈಗಿಟ್ಟರು. ಮರುದಿನದಿಂದ ಅವರಿಗೆ ಅಲ್ಲಿ ಕೆಲಸವಿರಲಿಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನ ಹತ್ತಿರ ಪೇರಲಹಣ್ಣಿನ ಬಂಡಿ ಹಿಡಿದು ನಿಂತಿದ್ದರು. ಕ್ಷಮೆ ಕೇಳಬೇಕೆಂದು ಹೋದವಳು ಹಣ್ಣು ಕೊಂಡು ಬಂದೆ.

ಅಪ್ಪ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಕೆಲವು ದಿನ ಮುಚ್ಚಿದ್ದ ಅಂಗಡಿ ಮತ್ತೆ ತೆರೆಯಿತು, ಬೇರೊಬ್ಬಳ ಹೆಸರಿನಲ್ಲಿ. ಅವಳು ಸುರಪುರದವಳು, ಕಾಲೇಜಿನಲ್ಲಿ ನನಗಿಂತ ಕಿರಿಯಳು. ಮನೆ ಹುಡುಕಿಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಅವಳ ಅವ್ವ ನನ್ನನ್ನು ಒಳಗೆ ಕರೆಯಲಿಲ್ಲ.

"ನೀ ಬಿಟ್ಟ ನೌಕರಿ ನನ್ನ ಮಗಳಿಗೆ ಸಿಕ್ಕಿತಂತ ಹೊಟ್ಟಿ ಉರಿಯಾಕತ್ತದೇನು?"

ತಿರುಗಿ ಹೊರಟೆ. ಹುಡುಗಿ ಬಸ್ಸಿನವರೆಗೆ ಹಿಂದೆಯೇ ಬಂದಳು. "ಖರೇನಾ ಅಕ್ಕ?" ಎಂದು ಕೇಳಿದಳು. "ನೀನ ಹೋಗಿ ಬಾಟಲಿ ಮ್ಯಾಲಿನ ಚೀಟಿ ಕಿತ್ತು ನೋಡು," ಎಂದೆ. ಅವಳು ನೋಡಿದಳೋ ಇಲ್ಲವೋ, ತಿಳಿಯಲಿಲ್ಲ.

ಎರಡು ವರ್ಷ ಮನೆಪಾಠ ಹೇಳಿದ ಮೇಲೆ ಯಾದಗಿರಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲ ದಿನ ಅಪ್ಪನೂ ಬಂದರು. ಜವಾನರಾಗಿ ಜೀವನವಿಡೀ ಮಾಸ್ತರರ ಮುಂದೆ ಕೈಕಟ್ಟಿ ನಿಂತವರು, ಅಂದು ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗಿ, "ನನ್ನ ಮಗಳು ಇಲ್ಲಿ ದಿನಾ ಏನ್ ಕೆಲಸ ಮಾಡ್ತಾಳ್ರಿ? ಸ್ವಲ್ಪ ಬಿಡಿಸಿ ಹೇಳ್ರಿ," ಎಂದು ಕೇಳಿದರು. ಪ್ರಿನ್ಸಿಪಾಲರು ನಕ್ಕರು. ಅಪ್ಪ ನಗಲಿಲ್ಲ, ಉತ್ತರ ಬರುವ ತನಕ ನಿಂತೇ ಇದ್ದರು.