ಅಣ್ಣನ ಹಣೆಯ ಹಸಿ ಬಟ್ಟೆ

ಆನವಟ್ಟಿ ದಾಟಿ ಶಿಕಾರಿಪುರದ ಕಡೆಗೆ ಹೊರಟಿದ್ದ ಜೀಪು ಮಟಮಟ ಮಧ್ಯಾಹ್ನ ಬಯಲಿನ ನಡುವೆ ನಿಂತುಬಿಟ್ಟಿತು. ಅದು ಎಪ್ಪತ್ತರ ದಶಕದ ಒಂದು ಬೇಸಿಗೆ. ಹಿಂದಿನ ಸೀಟಿನಲ್ಲಿ ನನ್ನ ಅಣ್ಣ ವಿಪರೀತ ಜ್ವರದಿಂದ ಎಚ್ಚರ ತಪ್ಪಿ ಮಲಗಿದ್ದ. ಅವನನ್ನು ಆಸ್ಪತ್ರೆಗೆ ಒಯ್ಯುತ್ತಿದ್ದೆವು. ಹೂಜಿಯ ನೀರು ಮುಗಿದಿತ್ತು. ಅವನ ಹಣೆಯ ಮೇಲಿದ್ದ ಬಟ್ಟೆಯೊಂದೇ ಹಸಿಯಾಗಿತ್ತು.

ಜೀಪು ಓಡಿಸುತ್ತಿದ್ದ ಇಮಾಮ್ ಸಾಬರು ಬಾನೆಟ್ ಎತ್ತಿ ನೋಡಿದರು. "ಪೈಪು ಕಾದು ಪೆಟ್ರೋಲು ಅಲ್ಲೇ ಆವಿ ಆಗ್ತೈತ್ರೀ ಅಕ್ಕಾರೆ, ಎಂಜಿನ್ನಿಗೆ ಹೋಗ್ತಿಲ್ಲ. ಆ ಬಟ್ಟೆ ಕೊಡ್ರಿ" ಎಂದರು. ನಾನು ಹಿಂಜರಿದೆ. "ಜೀಪು ಇಲ್ಲೇ ನಿಂತ್ರೆ ಅಣ್ಣಾರ ಜ್ವರ ಇಳಿಸೋರು ಯಾರ್ರೀ?" ಎಂದರು. ಕೊಟ್ಟೆ. ಅವರು ಅದನ್ನು ಪೈಪಿಗೆ ಸುತ್ತಿದರು. ಬಟ್ಟೆಯಿಂದ ಹಬೆ ಎದ್ದಿತು.

ಎರಡು ಸಲ ಪ್ರಯತ್ನಿಸಿದರೂ ಜೀಪು ಸ್ಟಾರ್ಟ್ ಆಗಲಿಲ್ಲ. ಸಾಬರು ಮತ್ತೆ ಕೀಲಿಗೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಅಣ್ಣನ ದನಿ ಸ್ಪಷ್ಟವಾಗಿ ಕೇಳಿಸಿತು: "ತಡೀರಿ. ಇನ್ನೂ ಸುಡ್ತೈತಿ."

ಅವನ ಕಣ್ಣುಗಳು ಮುಚ್ಚಿಯೇ ಇದ್ದವು. ಸಾಬರು ಕೈ ಹಿಂದಕ್ಕೆ ತೆಗೆದುಕೊಂಡರು. ಇಬ್ಬರೂ ಕಾದೆವು. ಸ್ವಲ್ಪ ಹೊತ್ತಿಗೆ ಅವನೇ, "ಈಗ ತಣ್ಣಗಾತು" ಎಂದ. ಈ ಸಲ ಎಂಜಿನ್ನು ಒಮ್ಮೆಗೇ ಸ್ಟಾರ್ಟ್ ಆಯಿತು.

ಅಣ್ಣ ಬದುಕಿದ. ಜೀಪು ನಿಂತದ್ದಾಗಲಿ, ತಾನು ಮಾತಾಡಿದ್ದಾಗಲಿ ಅವನಿಗೆ ನೆನಪಿಲ್ಲ. ಯಾರೋ ತನ್ನ ಕುತ್ತಿಗೆಗೆ ಹಸಿ ಬಟ್ಟೆ ಸುತ್ತಿದ್ದು ಮಾತ್ರ ನೆನಪಿದೆಯಂತೆ. ನಾನು ಅವನ ಪಕ್ಕದಲ್ಲೇ ಇದ್ದೆ. ನಮ್ಮಲ್ಲಿದ್ದ ಒಂದೇ ಹಸಿ ಬಟ್ಟೆ ಆಗ ಜೀಪಿನ ಪೈಪಿನ ಮೇಲಿತ್ತು.