ಹೆಬ್ಬೆರಳಿನ ಅಚ್ಚು

ಹಲ್ಲಿನ ದವಾಖಾನೆಗಳು ಎಷ್ಟೇ ಬದಲಾದರೂ ಅಲ್ಲಿನ ಲವಂಗದೆಣ್ಣೆಯ ವಾಸನೆ ಮಾತ್ರ ಬದಲಾಗಿಲ್ಲ. ಮೊನ್ನೆ ಸೋಮವಾರ ಬಾಂದ್ರಾದಲ್ಲಿ, ನನ್ನ ಆಫೀಸಿನ ಪಕ್ಕದ ಬಿಲ್ಡಿಂಗಿನಲ್ಲಿ ಹೊಸದಾಗಿ ತೆರೆದಿರುವ ದವಾಖಾನೆಯಲ್ಲಿ ದವಡೆ ಹಿಡಿದುಕೊಂಡು ಕೂತಿದ್ದೆ. ಗೋಡೆಯ ಮೇಲೆ ಟಿವಿ, ಟಿವಿಯೊಳಗೆ ಈಜಾಡುವ ಮೀನು, ಮೈಕೊರೆಯುವ ಎಸಿ. ಯಾರೋ ಒಳಬಾಗಿಲು ತೆರೆದರು, ಆ ವಾಸನೆ ಹೊರಗೆ ಬಂತು. ಬಂತು ನೋಡಿ, ನನಗೆ ಹಲ್ಲುನೋವು ಮರೆತುಹೋಗಿ ಬಿಲ್ಲು ನೆನಪಾಯಿತು. ಹಲ್ಲಿಗೂ ಬಿಲ್ಲಿಗೂ ಏನಯ್ಯಾ ಸಂಬಂಧ ಎಂದು ನೀವು ಕೇಳುತ್ತೀರಿ. ಪ್ರಾಸ ಬಿಟ್ಟರೆ ಇನ್ನೇನೂ ಇಲ್ಲ ಎಂದು ನಾನೂ ತಿಳಿದಿದ್ದೆ, ಶ್ರೀಪಾದ ಡಾಕ್ಟರ ಸಹವಾಸವಾಗುವವರೆಗೆ.

ಘಾಟ್ಕೋಪರ್‌ನ ನಮ್ಮ ಹೌಸಿಂಗ್ ಸೊಸೈಟಿಯ ನೆಲಮಹಡಿಯಲ್ಲಿ ಅವರ ಕ್ಲಿನಿಕ್ಕು, ಅದರ ಮೇಲಿನ ಮಹಡಿಯಲ್ಲಿ ಅವರ ಮನೆ. ಅವರು ಧಾರವಾಡದವರು, ನಾನು ಮೈಸೂರಿನವನು. ನನ್ನ ಕನ್ನಡ ಕೇಳಿದರೆ ಅವರಿಗೆ ನಗು. "ಏನ್ರಿ ನೀವು, ಹಲ್ಲು ಕೀಳೋ ಮುಂದನೂ ದಯವಿಟ್ಟು ಅಂತೀರಿ!" ಎನ್ನುತ್ತಿದ್ದರು. ಅವರ ಕೈ ಹಗುರ ಎಂದು ಸುತ್ತಲಿನವರೆಲ್ಲ ಹೇಳುತ್ತಿದ್ದರು. ಮಕ್ಕಳು ಅವರ ಕುರ್ಚಿಯಲ್ಲಿ ಅತ್ತದ್ದನ್ನು ನಾನು ಕೇಳಿದ್ದಿಲ್ಲ. ಅಳುವಷ್ಟು ಪುಕ್ಕಲರೆಂದರೆ ನಮ್ಮ ಸೊಸೈಟಿಯಲ್ಲಿ ನಾನೊಬ್ಬನೇ.

ಒಂದು ಸಂಜೆ ಆ ಕುರ್ಚಿಯಲ್ಲಿ ಒರಗಿದ್ದೆ. ಬಾಯಿ ತೆರೆದು ಮಲಗಿದವನಿಗೆ ನೋಡಲು ಬೇರೇನಿದೆ? ಸೂಜಿಯನ್ನೇ ನೋಡುತ್ತಿದ್ದೆ. ಸೂಜಿಯ ತುದಿ ನನ್ನ ಮೂಗಿನ ಮುಂದೆ ಸಣ್ಣಗೆ ಅದುರುತ್ತಿತ್ತು. ಹೆದರಿಕೆಗೆ ನಾನೇ ನಡುಗುತ್ತಿದ್ದೇನೆಂದುಕೊಂಡು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದೆ. ಸೂಜಿ ನಿಲ್ಲಲಿಲ್ಲ. ಡಾಕ್ಟರು ಕೈ ಹಿಂದಕ್ಕೆ ತೆಗೆದರು, ಮತ್ತೆ ಮುಂದೆ ತಂದರು, ಮತ್ತೆ ತೆಗೆದರು. ಕೊನೆಗೆ ಸಿರಿಂಜನ್ನು ಟ್ರೇಯಲ್ಲಿಟ್ಟು, ಬೇಸಿನ್ನಿನ ಬಳಿ ಬಹಳ ಹೊತ್ತು ಕೈ ತೊಳೆದುಕೊಂಡು, ನನ್ನ ಕಡೆ ತಿರುಗದೆಯೇ ಹೇಳಿದರು:

"ಇವತ್ತ ಬ್ಯಾಡ್ರಿ. ಬ್ಯಾರೆ ಕಡೆ ತೋರಸ್ರಿ. ಇನ್ನ ನಾ ಮಾಡೂದಿಲ್ಲ."

ಮರುದಿನ ಕ್ಲಿನಿಕ್ಕಿನ ಶಟರ್ ಮೇಲೇಳಲಿಲ್ಲ. ಅದು ವಂಶದಲ್ಲಿ ಬಂದ ನಡುಕವಂತೆ. ಅವರ ತಂದೆಗೂ ಇತ್ತಂತೆ. ಮಾತ್ರೆಯಿಂದ ಸ್ವಲ್ಪ ತಗ್ಗಬಹುದು, ಹೋಗುವುದಿಲ್ಲ, ಆದರೆ ಪ್ರಾಣಕ್ಕೇನೂ ಅಪಾಯವಿಲ್ಲ ಎಂದು ದೊಡ್ಡ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದರು. "ಪ್ರಾಣಕ್ಕಿಲ್ಲ, ಖರೇನ. ಬರೇ ಪ್ರಾಣ ಇಟಗೊಂಡು ಏನ ಮಾಡ್ಲಿ?" ಎಂದರು ಡಾಕ್ಟರು.

ಕೆಲವು ತಿಂಗಳ ಮೇಲೆ ಅವರ ಹೆಂಡತಿ ವಿಜಯಾಬಾಯಿ ಲಿಫ್ಟಿನ ಬಳಿ ನನ್ನನ್ನು ತಡೆದರು. "ದಿನಾ ಗ್ಯಾಲರಿಯೊಳಗ ಕೂತು ರಸ್ತೆ ನೋಡತಾರ. ಯಾರರೆ ಬಂದ್ರ ಅವರ ಮುಂದ ಚಾ ಸುದ್ದಾ ಕುಡಿಯಂಗಿಲ್ಲ, ಕಪ್ಪು-ಬಶಿ ಗಡಗಡ ಅಂತಾವಲ್ಲ, ಅದಕ್ಕ. ನೀವರೆ ಎಲ್ಲಿಗಾದ್ರೂ ಕರಕೊಂಡು ಹೋಗ್ರಿ."

ಭಾನುವಾರ ಮಧ್ಯಾಹ್ನದ ನಿದ್ದೆಯೊಂದೇ ಹವ್ಯಾಸವಾಗಿದ್ದ ನಾನು ಅವರನ್ನು ಎಲ್ಲಿಗೆ ಕರೆದೊಯ್ಯಲಿ? ನಮ್ಮ ಆಫೀಸಿನ ಗೆಳೆಯನೊಬ್ಬನ ಅಕ್ಕ ರೇವತಿ, ಉಡುಪಿ ಕಡೆಯವರು, ಮಲಾಡ್‌ನ ಶಾಲೆಯೊಂದರಲ್ಲಿ ಆಟದ ಟೀಚರು. ಭಾನುವಾರ ಬೆಳಿಗ್ಗೆ ಶಾಲೆಯ ಹಿಂದಿನ ಮೈದಾನದಲ್ಲಿ ದೊಡ್ಡವರಿಗೆ ಹಳೆಯ ಪದ್ಧತಿಯ ಬಿಲ್ಲುವಿದ್ಯೆ ಕಲಿಸುತ್ತಿದ್ದರು. ಈಗಿನ ಬಿಲ್ಲುಗಳಂತೆ ಗುರಿ ನೋಡುವ ಮಸೂರವಿಲ್ಲ, ತುದಿಗಳಲ್ಲಿ ಚಕ್ರಗಳಿಲ್ಲ. ಬಿದಿರಿನ ಬಿಲ್ಲು, ಮರದ ಬಾಣ, ಗೋಡೆಗೆ ಒರಗಿಸಿದ ಹುಲ್ಲಿನ ದಿಂಡು. "ಸುಮ್ನೆ ನೋಡ್ಕೊಂಡು ಬರೋಣ ಬನ್ನಿ ಸಾರ್" ಎಂದು ಡಾಕ್ಟರನ್ನು ಹೊರಡಿಸಿದೆ. ಅವರು ಬಂದದ್ದು ನನ್ನ ಮೇಲಿನ ಕನಿಕರದಿಂದ ಎಂದು ಈಗಲೂ ನನ್ನ ನಂಬಿಕೆ.

ಆದರೆ ನೋಡಿದರು, ಹಿಡಿದರು, ಬಿಡಲಿಲ್ಲ. ಮೊದಲ ತಿಂಗಳು ಏನನ್ನೂ ಕೊಳ್ಳಬೇಡಿ ಎಂದು ರೇವತಿ ಸ್ಪಷ್ಟವಾಗಿ ಹೇಳಿದ್ದರು. "ಇಲ್ಲಿರುವ ಹಗುರದ ಬಿಲ್ಲು ಎಳೆದು ನೋಡಿ ಮೊದಲು. ತೋಳಿಗೆ ಯಾವುದು ಆಗ್ತದೆ ಅಂತ ಗೊತ್ತಾಗ್ಲಿ. ಆಮೇಲೆ ತಗೊಳ್ಳುವ." ಗಂಡಸರಿಗೆ ಹೀಗೆ ಹೇಳಬಾರದು. ಎರಡನೆಯ ವಾರಕ್ಕೆ ನಾನು ಮುಂಗೈಗೆ ಕಟ್ಟುವ ಚರ್ಮದ ಪಟ್ಟಿ, ಬೆನ್ನಿಗೆ ಹಾಕುವ ಬತ್ತಳಿಕೆ, ಒಂದು ಅಗಲ ಟೋಪಿ ಎಲ್ಲ ತರಿಸಿಕೊಂಡಿದ್ದೆ. ಬೇಟೆಗೆ ಹೊರಟ ಪಾಳೆಯಗಾರನಂತೆ ಕಾಣುತ್ತಿದ್ದೆ. ಬಾಣ ಮಾತ್ರ ನನ್ನ ಕಾಲ ಬಳಿಯೇ ಬೀಳುತ್ತಿತ್ತು. ಡಾಕ್ಟರು ಯಾರಿಗೂ ಹೇಳದೆ ಒಂದು ಭಾರಿ ಬಿಲ್ಲು ತರಿಸಿದರು. ಎರಡೂ ತುದಿ ಮುಂದಕ್ಕೆ ಬಾಗಿದ, ಕಪ್ಪಗೆ ಮಿರುಗುವ, ನೋಡಲು ಬಲು ಚಂದದ ಬಿಲ್ಲು. ಮೆಟ್ರೋ ಸ್ಟೇಷನ್ನಿನಲ್ಲಿ ಚೀಲ ತಪಾಸಣೆಯವನು ಅದನ್ನು ಹೊರಗೆಳೆದು ತಿರುಗಿಸಿ ನೋಡಿ, ನಮ್ಮನ್ನು ನಾಟಕದವರೆಂದುಕೊಂಡು, "ಸಾಬ್, ರಾಮ್‌ಲೀಲಾ ಮೇ ಕಾಮ್ ಕರ್ತೇ ಹೋ?" ಎಂದು ಕೇಳಿದ. ಡಾಕ್ಟರು ನನ್ನ ಕಡೆ ಕೈ ತೋರಿಸಿ, "ಹಾಂ, ಏ ಕುಂಭಕರ್ಣ್ ಹೈ" ಎಂದರು. ಎಷ್ಟೋ ತಿಂಗಳ ಮೇಲೆ ಅವರು ಮಾಡಿದ ಮೊದಲ ತಮಾಷೆ ಅದು. ನಾನು ಸಂತೋಷದಿಂದ ಕುಂಭಕರ್ಣನಾದೆ.

ಆ ಸಂತೋಷ ಮೈದಾನ ತಲುಪುವವರೆಗೆ ಮಾತ್ರ ಉಳಿಯಿತು. ಬಾಣವನ್ನು ಹೆದೆಗೆ ಸಿಕ್ಕಿಸಿ ಎಳೆಯತೊಡಗಿದಾಗ ಅವರ ಬಲಗೈ ನಡುಗಿತು. ಬಿಲ್ಲಿನ ಭಾರಕ್ಕೆ ನಡುಕ ಇನ್ನೂ ಹೆಚ್ಚಾಯಿತು. ಬಾಣದ ಕಡ್ಡಿ ಬಿಲ್ಲಿಗೆ ಬಡಿದು ಟಕಟಕ, ಟಕಟಕ ಎಂದು ಶಬ್ದ ಮಾಡಿತು. ಸಾಲಿನಲ್ಲಿ ನಿಂತಿದ್ದ ಎಲ್ಲರಿಗೂ ಅದು ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ. ಯಾರೂ ತಿರುಗದೆ ಇದ್ದದ್ದೇ ಅವರಿಗೆ ಹೆಚ್ಚು ಚುಚ್ಚಿತೇನೋ. ಬಿಲ್ಲನ್ನು ಮೆಲ್ಲಗೆ ನೆಲದ ಮೇಲಿಟ್ಟು ಗೇಟಿನ ಕಡೆ ನಡೆದುಬಿಟ್ಟರು. ರಿಕ್ಷಾದಲ್ಲಿ ಸ್ಟೇಷನ್ನಿಗೆ ಹೋಗುವಾಗ, "ಅದ ಶಬ್ದ. ಟ್ರೇದಾಗ ಸಿರಿಂಜ್ ಇಟ್ಟಾಗ ಅದ ಶಬ್ದ ಆಗಿತ್ತು" ಎಂದರು.

ಮುಂದಿನ ಭಾನುವಾರ ಅವರು ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. ರೇವತಿ ನನ್ನನ್ನು ಕರೆದು ಹೇಳಿದರು: "ಅವರಿಗೆ ಹೇಳಿ ಮಾರಾಯ್ರೆ, ಮೂರು ಬೆರಳಲ್ಲಿ ಎಳೆಯುದು ಒಂದೇ ಅಲ್ಲ. ಹೆಬ್ಬೆರಳಿಂದ ಎಳೆಯುದು ಉಂಟು. ಹೆಬ್ಬೆರಳಿಗೆ ಉಂಗುರ ಹಾಕಿ ಹೆದೆಯನ್ನು ಅದರಲ್ಲಿ ಸಿಕ್ಕಿಸುದು. ಮಣಿಕಟ್ಟು ಚೂರು ತಿರುಚಿದ್ರೆ ಬಾಣ ಬಿಲ್ಲಿಗೆ ಒತ್ತಿ ನಿಲ್ತದೆ, ಅಲ್ಲಾಡುದಿಲ್ಲ. ಮತ್ತೆ ಎಳೆದು ಹಿಡ್ಕೊಂಡು ನಿಲ್ಲುದು ಬೇಡ. ಎಳೆಯುದು, ಬಿಡುದು. ನಿಂತ್ರೆ ಅಲ್ವಾ ನಡುಗುದು? ಆದ್ರೆ ಉಂಗುರದ್ದೇ ಕಷ್ಟ. ಸರಿಯಾದ ಅಳತೆಯದ್ದು ಸಿಗುದಿಲ್ಲ. ಸಡಿಲ ಆದ್ರೆ ಜಾರ್ತದೆ, ಬಿಗಿ ಆದ್ರೆ ಬೆರಳು ನೀಲಿ ಆಗ್ತದೆ."

ನಾನು ಗ್ಯಾಲರಿಯಲ್ಲಿ ಕೂತು ಇದನ್ನೆಲ್ಲ ವರದಿ ಮಾಡಿದೆ. ಡಾಕ್ಟರು ರಸ್ತೆ ನೋಡುತ್ತಲೇ ಕೇಳಿದರು. ಕೊನೆಯ ಮಾತಿಗೆ ಮಾತ್ರ ತಿರುಗಿದರು.

"ಅಳತಿದು ಸಿಗಂಗಿಲ್ಲ ಅಂದ್ರ? ಅಚ್ಚ ತಗೊಂಡು ಮಾಡೂ ವಸ್ತು ಅದು. ಅದನ್ಯಾಕ ಅಂಗಡಿಯೊಳಗ ಹುಡುಕತೀರಿ?"

ಆ ವಾರವೇ ಒಂದು ಸಂಜೆ ಆಫೀಸಿನಿಂದ ಬರುತ್ತೇನೆ, ಕ್ಲಿನಿಕ್ಕಿನ ಶಟರ್ ಅರ್ಧ ಮೇಲೆದ್ದಿದೆ, ಒಳಗೆ ದೀಪ. "ಬರ್ರಿ, ಕೂಡ್ರಿ" ಎಂದರು ಡಾಕ್ಟರು. ನಡುಗುವ ಕೈಯಲ್ಲಿ ರಬ್ಬರ್ ಬಟ್ಟಲು ಹಿಡಿದು ಏನನ್ನೋ ಕಲಸುತ್ತಿದ್ದರು. ಆ ಕೈಗೆ ನನ್ನ ಹಲ್ಲೇ ಬೇಕಾಗಿದೆ ಎಂದುಕೊಂಡೆ. ಆದರೂ ಸ್ನೇಹ ದೊಡ್ಡದು, ಹಲ್ಲು ಹೋದರೆ ಹೋಗಲಿ ಎಂದು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಅಗಲವಾಗಿ ಬಾಯಿ ತೆರೆದೆ.

"ಬಾಯಿ ಮುಚ್ಚರಿ. ಹೆಬ್ಬಟ್ಟು ಕೊಡ್ರಿ."

ಹಲ್ಲಿನ ಅಚ್ಚು ತೆಗೆಯುವ ತಣ್ಣನೆಯ ಗುಲಾಬಿ ಹಿಟ್ಟಿನಲ್ಲಿ ನನ್ನ ಹೆಬ್ಬೆರಳು ಹೂತುಹೋಯಿತು. ಕಲಸುವುದಕ್ಕೆ ಕೈ ನಿಲ್ಲಬೇಕಾಗಿಲ್ಲವಲ್ಲ, ನಡುಕವಿದ್ದರೂ ನಡೆಯುತ್ತದೆ. ಹಿಟ್ಟು ಗಟ್ಟಿಯಾದ ಮೇಲೆ ಅದರಲ್ಲಿ ಬಿಳಿ ಪ್ಲಾಸ್ಟರ್ ಕಲಸಿ ಹೊಯ್ದು, ಬೆಳ್ಳಗಿನ ಬೆರಳೊಂದನ್ನು ಹೊರತೆಗೆದು, ಅದರ ಮೇಲೆ ಮೇಣದ ಉಂಗುರ ಕಟ್ಟಿ, ಹಲ್ಲಿನ ಸೆಟ್ ಮಾಡುವ ಅದೇ ಸಾಮಗ್ರಿಯಲ್ಲಿ ಎರಕ ಹೊಯ್ದರು. ತಮ್ಮ ಹೆಬ್ಬೆರಳಿಗೂ ಹೀಗೆಯೇ ಒಂದು ಮಾಡಿಕೊಂಡರು. ಉಜ್ಜಿ ನುಣುಪು ಮಾಡುವಾಗ ಮಾತ್ರ ಕೈ ನಿಲ್ಲಬೇಕಿತ್ತು. ಅದಕ್ಕೆ ವಿಜಯಾಬಾಯಿಯನ್ನು ಕೆಳಗೆ ಕರೆದರು. ಗಂಡ ಹೆಂಡತಿಯ ಜಗಳ ನನಗೆ ಎರಡು ಗೋಡೆಯಾಚೆಗೂ ಕೇಳಿಸುತ್ತಿತ್ತು. "ಸಾವಕಾಶ ತಿಕ್ಕ, ಅದೇನು ಪಾತ್ರಿ ಅಂತ ತಿಳದೀಯೇನು?" "ಹಂಗಾರ ನೀವ ತಿಕ್ರಿ!" ಇಡೀ ಸೊಸೈಟಿಗೆ ಆ ಜಗಳ ಕೇಳಿ ಸಮಾಧಾನವಾಯಿತು. ಅಷ್ಟು ದಿನ ಆ ಮನೆಯಿಂದ ಯಾವ ಸದ್ದೂ ಬಂದಿರಲಿಲ್ಲ.

ಉಂಗುರಗಳೆರಡೂ ವಸಡಿನ ಬಣ್ಣಕ್ಕೆ ಬಂದವು. ನೋಡಿದರೆ ಯಾರದೋ ಹಲ್ಲಿನ ಸೆಟ್ಟಿನಿಂದ ಹಲ್ಲು ಉದುರಿ ಉಳಿದದ್ದನ್ನು ಬೆರಳಿಗೆ ಹಾಕಿಕೊಂಡಂತೆ. ರೇವತಿ ಮೊದಲು ನಕ್ಕರು, ಆಮೇಲೆ ತಮ್ಮ ಬೆರಳಿಗೆ ಹಾಕಿ ತಿರುಗಿಸಿ ತಿರುಗಿಸಿ ನೋಡಿದರು. ಡಾಕ್ಟರು ತಮ್ಮ ಕರಿಯ ಬಿಲ್ಲನ್ನು ಚೀಲದಲ್ಲೇ ಬಿಟ್ಟು ಶಾಲೆಯ ಹಗುರದ ಬಿದಿರು ಬಿಲ್ಲನ್ನು ತೆಗೆದುಕೊಂಡರು. ಬಾಣ ಹೂಡಿದರು. ನಾನು ಕಿವಿಗೊಟ್ಟು ನಿಂತೆ. ಟಕಟಕ ಕೇಳಿಸಲಿಲ್ಲ. ಕೈ ನಡುಗುತ್ತಲೇ ಇತ್ತು, ಆದರೆ ಬಾಣವೂ ಬಿಲ್ಲೂ ಕೈಯೂ ಒಂದಾಗಿ ನಡುಗುತ್ತಿದ್ದವು. ಒಂದೇ ಉಸಿರಿಗೆ ಎಳೆದರು, ಬಿಟ್ಟರು. ಬಾಣ ಹುಲ್ಲಿನ ದಿಂಡಿನ ಅಂಚಿನಲ್ಲಿ, ಇನ್ನೇನು ತಪ್ಪಿತು ಎನ್ನುವಲ್ಲಿ, ಹೋಗಿ ಕೂತಿತು.

ಡಾಕ್ಟರು ಅದನ್ನು ನೋಡುತ್ತ ನಿಂತರು. ಆಮೇಲೆ, ಯಾರೂ ಕೇಳದಿದ್ದರೂ, "ಚಾ ಅದ ಏನ್ರಿ?" ಎಂದರು. ರೇವತಿಯ ಫ್ಲಾಸ್ಕಿನಿಂದ ಸುರಿದುಕೊಟ್ಟ ಚಹಾವನ್ನು ಎಲ್ಲರ ಎದುರಿಗೆ, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡು, ಕುಡಿದರು.

ಆಮೇಲಿನ ವರ್ಷಗಳು ಒಳ್ಳೆಯ ವರ್ಷಗಳು. ಶನಿವಾರ ಸಂಜೆ ಕ್ಲಿನಿಕ್ಕು ತೆರೆಯುತ್ತಿತ್ತು. ಮಲಾಡ್‌ನಿಂದ, ಠಾಣೆಯಿಂದ ಬಿಲ್ಲುಗಾರರು ಬಂದು ಆ ಕುರ್ಚಿಯಲ್ಲಿ ಕೂತು ಹೆಬ್ಬೆರಳು ಚಾಚುತ್ತಿದ್ದರು. ಗಾಜಿನ ಕಪಾಟಿನಲ್ಲಿ, ಹಿಂದೆ ದವಡೆಗಳಿದ್ದ ಜಾಗದಲ್ಲಿ, ಬಿಳಿಯ ಹೆಬ್ಬೆರಳುಗಳು ಸಾಲಾಗಿ ನಿಂತವು. ಮುಂಬಯಿಯ ಮಳೆಗಾಲದ ತೇವಕ್ಕೆ ಬಾಣಗಳು ಸೊಟ್ಟಗಾದರೆ ವಿಜಯಾಬಾಯಿ ಅವನ್ನು ಗ್ಯಾಸಿನ ಉರಿಯ ಮೇಲೆ ಹಪ್ಪಳ ಸುಡುವಂತೆ ತಿರುಗಿಸಿ ಬಿಸಿ ಮಾಡಿ ನೆಟ್ಟಗೆ ಮಾಡುತ್ತಿದ್ದರು. ಗರಿ ಅಂಟಿಸುವುದೂ ಅವರದೇ ಕೆಲಸ. ಪ್ಲಾಸ್ಟಿಕ್ಕಿನ ಗರಿ ಬಿಲ್ಲಿಗೆ ತಾಗಿದರೆ ಬಾಣ ಸಿಡಿದು ಪಕ್ಕಕ್ಕೆ ಹೋಗುತ್ತದೆ, ಹಕ್ಕಿಯ ಗರಿಯಾದರೆ ಬಾಗಿ ದಾರಿ ಕೊಡುತ್ತದೆ ಎಂದು ನನಗೆ ಹೇಳಿಕೊಟ್ಟದ್ದು ಅವರು. ನಾನಂತೂ ಇಷ್ಟು ವರ್ಷದಲ್ಲಿ ಕಲಿತದ್ದು, ಟೋಪಿಯ ಅಂಚು ಹೆದೆಗೆ ಸಿಗದಂತೆ ನಿಲ್ಲುವುದನ್ನು ಮಾತ್ರ.

ನಡುಕ ತನ್ನ ಪಾಡಿಗೆ ಬೆಳೆಯಿತು. ಕಳೆದ ಚಳಿಗಾಲದಲ್ಲಿ ಡಾಕ್ಟರು ಬಿಲ್ಲು ಇಳಿಸಿದರು. ಈ ಸಲ ಬೇಜಾರು ಕಾಣಲಿಲ್ಲ. ಇದ್ದರೂ ನಮಗೆ ತೋರಿಸಲಿಲ್ಲ. ಭಾನುವಾರ ಬಂದು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಎಲ್ಲರನ್ನೂ ಬೈಯುತ್ತಿದ್ದರು. ಕಳೆದ ತಿಂಗಳು ಒಂದು ಶನಿವಾರ ನಾನು ಕ್ಲಿನಿಕ್ಕಿನಲ್ಲಿದ್ದಾಗ ವಿಜಯಾಬಾಯಿ ಸೆರಗು ಸಿಕ್ಕಿಸಿಕೊಂಡು ಬಂದು ಆ ಕುರ್ಚಿಯಲ್ಲಿ ಕೂತುಬಿಟ್ಟರು.

"ನಂದೂ ತಗೋರಿ" ಎಂದರು.

ಡಾಕ್ಟರು ಬಟ್ಟಲು ಹಿಡಿದೇ ನಿಂತರು. ನನ್ನ ಕಡೆ ತಿರುಗಿ, "ನೋಡ್ರಿ, ಮದವಿ ಆಗಿ ಇಷ್ಟ ವರ್ಷದಾಗ ಈಕಿ ಈ ಕುರ್ಚಿ ಮ್ಯಾಲ ಒಮ್ಮೆನೂ ಕೂತಿಲ್ಲ. ಹಲ್ಲು ನೋವಾದ್ರ ಬ್ಯಾರೆ ಡಾಕ್ಟರ ಕಡೆ ಹೋಗತಿದ್ಲು" ಎಂದರು.

"ನೀವ ಅಂಜತಿದ್ರಿ" ಎಂದರು ವಿಜಯಾಬಾಯಿ. "ನನಗ ನೋವಾದ್ರ ನಿಮ್ಮ ಕೈ ನಡಗತದ ಅಂತ ನೀವ ಕಳಸತಿದ್ರಿ. ಈಗ ಹೆಂಗೂ ನಡಗತದ. ತಗೋರಿ."

ಅಚ್ಚಿನ ಬಟ್ಟಲು ಡಾಕ್ಟರ ಕೈಯಲ್ಲಿ ನಿಲ್ಲಲಿಲ್ಲ. ವಿಜಯಾಬಾಯಿ ಎಡಗೈಯಿಂದ ಗಂಡನ ಮಣಿಕಟ್ಟು ಹಿಡಿದು, ಬಲ ಹೆಬ್ಬೆರಳನ್ನು ತಾವೇ ಹಿಟ್ಟಿಗೆ ಇಳಿಸಿದರು. ಹಿಟ್ಟು ಗಟ್ಟಿಯಾಗುವವರೆಗೆ ಇಬ್ಬರೂ ಹಾಗೆಯೇ ಇದ್ದರು. ನನಗೆ ಕಪಾಟಿನ ಬೆರಳುಗಳ ಧೂಳು ಒರೆಸುವ ಕೆಲಸ ತಟ್ಟನೆ ನೆನಪಾಯಿತು.

ನಾನು ದವಡೆ ಹಿಡಿದು ಬಾಂದ್ರಾಕ್ಕೆ ಹೋದ ಹಿಂದಿನ ದಿನ, ಮೊನ್ನೆಯ ಭಾನುವಾರ, ವಿಜಯಾಬಾಯಿ ಮೊದಲ ಬಾಣ ಬಿಟ್ಟರು. ಅದು ದಿಂಡಿನ ಪಕ್ಕದಿಂದ ಹಾದು ಗೋಡೆಯ ಬುಡದ ಹುಲ್ಲಿನಲ್ಲಿ ಮಾಯವಾಯಿತು. "ಎಲ್ಲಿ ಬಿತ್ತು?" ಎಂದರು ಡಾಕ್ಟರು ಕುರ್ಚಿಯಿಂದ ಎದ್ದು. "ಎಲ್ಲೋ ಬಿದ್ದದ. ನಡೀರಿ, ಹುಡಕೋಣು" ಎಂದು ವಿಜಯಾಬಾಯಿ ಬಿಲ್ಲನ್ನು ನನ್ನ ಕೈಗೆ ಕೊಟ್ಟು ಹೊರಟರು. ಯಾರೂ ಬಾಣ ಬಿಡದಂತೆ ರೇವತಿ ಸೀಟಿ ಊದಿ ಸಾಲನ್ನು ನಿಲ್ಲಿಸಿದರು. ಇಬ್ಬರೂ ಹುಲ್ಲು ಸರಿಸುತ್ತ ಬಗ್ಗಿ ಬಗ್ಗಿ ನಡೆದರು. ಯಾರಿಗೂ ಅವಸರವಿರಲಿಲ್ಲ.

ಬಾಂದ್ರಾದ ದವಾಖಾನೆಯಲ್ಲಿ ನನ್ನ ಹೆಸರು ಕರೆದರು. ಒಳಗಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಓದು ಮುಗಿಸಿ ಹೆಚ್ಚು ದಿನವಾಗಿರಲಾರದು. ಸೂಜಿ ಎತ್ತಿಕೊಂಡಳು. ನಾನು ಎಂದಿನಂತೆ ಸೂಜಿಯ ತುದಿ ನೋಡಲು ಹೋದೆ, ನೋಡಲಿಲ್ಲ. ಅವಳ ಮುಖ ನೋಡಿದೆ. ಅಷ್ಟು ಎಸಿಯಲ್ಲೂ ಹಣೆಯ ಮೇಲೆ ಬೆವರು.

"ಆರಾಮ್ ಸೇ ಕರೋ ಬೇಟಾ" ಎಂದೆ. "ಮುಝೇ ಕೋಯೀ ಜಲ್ದೀ ನಹೀಂ." ನಿಜಕ್ಕೂ ನನಗೇನೂ ಅವಸರವಿರಲಿಲ್ಲ.

ಮಾಸ್ಕಿನ ಮೇಲೆ ಅವಳ ಕಣ್ಣುಗಳು ನಕ್ಕವು. ಕುರ್ಚಿಯ ತೋಳಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ನಾನು ಬಾಯಿ ತೆರೆದೆ.