ಬಿಟ್ಟುಹೋದ ಹಾಳೆ

ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಕಾಲೇಜೊಂದರಲ್ಲಿ ಬಿ.ಎ. ಓದುತ್ತಿದ್ದಾಗ ನಮಗೆ ಪಾಠವೆಂದರೆ ಉಕ್ತಲೇಖನ. ಚರಿತ್ರೆಯ ಮೇಷ್ಟ್ರು ತಾವು ವಿದ್ಯಾರ್ಥಿಯಾಗಿದ್ದಾಗ ಬರೆದುಕೊಂಡಿದ್ದ ನೋಟ್‌ಬುಕ್ ತೆರೆದು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಾಯಲ್ಲಿ ಹೇಳುತ್ತ ಓದುತ್ತಿದ್ದರು. ನಾವು ತಲೆಯೆತ್ತದೆ ಬರೆಯುತ್ತಿದ್ದೆವು. ಅವರ ಮುಖಕ್ಕಿಂತ ಚಪ್ಪಲಿಯೇ ನನಗೆ ಚೆನ್ನಾಗಿ ನೆನಪಿದೆ.

ಒಂದಕ್ಷರವೂ ಬಿಡದೆ ಬರೆಯುವುದರಲ್ಲಿ ನಾನೇ ಮುಂದು. ಮೈಸೂರಿನಲ್ಲಿ ಎಂ.ಎ. ಸೀಟು ಸಿಗಬೇಕಾದರೆ ಫಸ್ಟ್ ಕ್ಲಾಸ್ ಬೇಕಿತ್ತು. ನನ್ನ ನೋಟ್‌ಬುಕ್ಕೇ ಅದನ್ನು ತಂದುಕೊಡುತ್ತದೆಂದು ನಂಬಿದ್ದೆ. ಪಕ್ಕದಲ್ಲಿ ಕೂರುತ್ತಿದ್ದವನು ಹಿರೇಗುಂಟನೂರು ಕಡೆಯ ಕುರಿಗಾರರ ಮನೆಯವನು. ಪೆನ್ನಿಗೆ ಕ್ಯಾಪು ಹಾಕಿಟ್ಟು ಸುಮ್ಮನೆ ಕೇಳುವನು. ಗಂಟೆ ಹೊಡೆದ ಮೇಲೆ ನಾಲ್ಕೋ ಐದೋ ಮಾತು ಗೀಚಿಕೊಳ್ಳುವನು. ಸೋಮಾರಿ ಎಂದೇ ನಾನು ತೀರ್ಮಾನಿಸಿದ್ದೆ.

ಒಂದು ದಿನ ಮೇಷ್ಟ್ರು ಹಾಳೆ ತಿರುಗಿಸಿ ಓದಿದರು: "ಫ್ರಾನ್ಸಿನ ರೈತರು ತೆರಿಗೆಗಳಿಂದ ಬೇಸತ್ತಿದ್ದರಿಂದ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳು ವೃದ್ಧಿಗೊಂಡವು, ಪೂರ್ಣವಿರಾಮ." ಎಲ್ಲರೂ ಬರೆದೆವು. ನಾನು ಕೆಂಪು ಶಾಯಿಯಲ್ಲಿ ಅಡಿಗೆರೆಯನ್ನೂ ಎಳೆದೆ.

ಪಕ್ಕದವನು ಎದ್ದು ನಿಂತ. "ಸಾರ್, ನಡುವೆ ಒಂದು ಹಾಳೆ ಬಿಟ್ಟೋಗೈತೆ. ಅಂಟಿಕೊಂಡೈತೇನೋ ನೋಡ್ರಿ."

"ಲೇ, ಕುಂತ್ಕಳಲೇ! ಇಲ್ಲೂ ಕುರಿ ಎಣಿಸಾಕೆ ಬಂದೀಯಾ?" ಎಂದಿತು ಒಂದು ದನಿ. ಕ್ಲಾಸೆಲ್ಲ ನಕ್ಕಿತು.

"ನಾವು ಎಣಿಸಲ್ಲ ಕಣಪ್ಪ. ಮಂದೇಲಿ ಯಾವುದಿಲ್ಲ ಅಂತ ನೋಡಿದ್ರೆ ತಿಳೀತೈತೆ."

ಮೇಷ್ಟ್ರು ಅವನ ಪುಸ್ತಕ ಕೇಳಿ ತರಿಸಿಕೊಂಡರು. ಹಾಳೆಯಲ್ಲಿದ್ದದ್ದು ಹಿಂದಿನ ದಿನದ ನಾಲ್ಕೇ ಮಾತು. "ನಾಲ್ಕು ಸಾಲು ಬರೆಯೋ ಯೋಗ್ಯತೆ ಇಲ್ಲ, ನನ್ನ ತಿದ್ತೀಯ?" ಎಂದು ಹೊರಗೆ ಕಳಿಸಿದರು. ತಮ್ಮ ಹಾಳೆಯನ್ನು ಮಾತ್ರ ಉಗುರಲ್ಲೂ ಕೆದಕಿ ನೋಡಲಿಲ್ಲ.

ಪರೀಕ್ಷೆಗೆ ಫ್ರಾನ್ಸಿನ ಕ್ರಾಂತಿಯ ಕಾರಣಗಳೇ ಬಂದವು. ನಾನು ಕಲ್ಲಿದ್ದಲನ್ನೂ ಸೇರಿಸಿ, ದುಂಡಗಿನ ಅಕ್ಷರದಲ್ಲಿ ಉತ್ತರ ಬರೆದೆ. ಬಾಯಿಪಾಠ ಅಷ್ಟು ಗಟ್ಟಿಯಾಗಿತ್ತು. ಕೈ ತಡೆಯಲೇ ಇಲ್ಲ. ನನಗೆ ಸೆಕೆಂಡ್ ಕ್ಲಾಸ್ ಬಂತು. ಮೈಸೂರಿನ ಸೀಟು ಅವನಿಗೆ ಸಿಕ್ಕಿತು.

ಆ ಒಂದು ಸಾಲು ನನ್ನನ್ನು ಕೆಡಿಸಿತು ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಒಂದು ಸಾಲಿಗೆ ಅಷ್ಟು ತಾಕತ್ತಿರುವುದಿಲ್ಲ. ಉಳಿದ ಸಾಲುಗಳಾದರೂ ನನಗೆ ಅರ್ಥವಾಗಿದ್ದವೇ?

ಅಂದು ಕೂಗಿದವನು ಹಿಂದಿನ ಬೆಂಚಿನ ಯಾರೋ ಎಂದೂ ನಂಬಿಕೊಂಡಿದ್ದೆ. ಮೊನ್ನೆ ಆ ಕಾಲದ ದಿನಚರಿ ಕೈಗೆ ಸಿಕ್ಕಿತು. ಅದೇ ದುಂಡಗಿನ ಅಕ್ಷರ: "ಇವತ್ತು ಕುರಿಯವನಿಗೆ ಸರಿಯಾಗಿ ಕೊಟ್ಟೆ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು."

ಅದರಡಿಯಲ್ಲೂ ಕೆಂಪು ಗೆರೆ ಇತ್ತು.